ಬಡ ಬ್ರಾಹ್ಮಣ, ಡಿಂಗ ಮತ್ತು ಕನ್ನಡ ಮೇಷ್ಟ್ರುಗಳು

ಕೆಲವು ವರ್ಷಗಳ ಹಿಂದೆ ಪಿಎಚ್.ಡಿ. ನೋಂದಣಿಯ ಸಂದರ್ಶನಕ್ಕೆಂದು ಹೋಗಿದ್ದೆ. ಮೇಜಿನ ಆಚೆ ಮೂವರು ಪ್ರಾಧ್ಯಾಪಕರಿದ್ದರು. "ವಿಷಯ ಏನಮ್ಮಾ?" ಎಂದರು. "ಕನ್ನಡದ ಜನಪ್ರಿಯ ಮಕ್ಕಳ ಕತೆಗಳು ಮತ್ತು ಜಾತಿ ಸರ್. ಚಂದಮಾಮ, ಅಮರ ಚಿತ್ರಕಥೆ, ಬಾಲಮಂಗಳ..." ಎಂದೆ. ಒಬ್ಬರಿಗೆ ನಗು ತಡೆಯಲಾಗಲಿಲ್ಲ. "ಡಿಂಗನ ಮೇಲೆ ಪಿಎಚ್.ಡಿ.ಯಾ? ನಾಳೆ ಇನ್ಯಾರೋ ಬಂದು ಚಾಕೊಲೇಟ್ ಪೇಪರಿನ ಮೇಲೆ ಮಾಡ್ತೇನೆ ಅಂತಾರೆ" ಎಂದರು. ಇನ್ನೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮವರ ಆತ್ಮಕಥೆಗಳು ಬೇಕಾದಷ್ಟಿವೆಯಲ್ಲ, ಅದನ್ನೇ ತಗೊಳ್ಳಿ" ಎಂದು ಸಲಹೆ ಕೊಟ್ಟರು. ನೋಂದಣಿ ಆಗಲಿಲ್ಲ. ಹೆಬ್ರಿಗೆ ಬಂದು ಪಾಠ ಹೇಳಲು ಸೇರಿಕೊಂಡೆ.

ಅವರು ನಕ್ಕದ್ದು ಈಗ ದೊಡ್ಡ ವಿಷಯವೆನಿಸುವುದಿಲ್ಲ. ಹೆಚ್ಚು ಚುಚ್ಚಿದ್ದು ನಮ್ಮವರೇ ಆಡಿದ ಮಾತು. ಸಂಘಟನೆಯಲ್ಲಿ ತಲೆ ಹಣ್ಣಾದ ಅಣ್ಣನೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು, "ಹಾಸ್ಟೆಲಿನ ಮಕ್ಕಳಿಗೆ ಸ್ಕಾಲರ್‌ಶಿಪ್ ಬಾರದೆ ಆರು ತಿಂಗಳಾಯ್ತು ತಂಗಿ, ನಿಂಗೆ ಇಲಿಯ ಕತೆಯ ಚಿಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂದಿದ್ದರು. ಈ ಲೇಖನ ಆ ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ಆ ಅಣ್ಣನಿಗೆ ಬರೆದ ಉತ್ತರ. ಸಾಹಿತ್ಯದ ಮೇಷ್ಟ್ರುಗಳು ಮಕ್ಕಳ ಜನಪ್ರಿಯ ಕತೆಗಳನ್ನು ಓದಬೇಕೆ, ಬೇಡವೆ ಎಂಬ ಪ್ರಶ್ನೆ ಹೊರಗೆ ಅಭಿರುಚಿಯ ಪ್ರಶ್ನೆಯ ಹಾಗೆ ಕಂಡರೂ ಒಳಗೆ ಅದು ಚರಿತ್ರೆಯ ಪ್ರಶ್ನೆ. ಕನ್ನಡದಲ್ಲಿ 'ಮಗು' ಎಂದಾಗ ಯಾರ ಮನೆಯ ಮಗುವನ್ನು ಕಲ್ಪಿಸಿಕೊಳ್ಳಲಾಯಿತು ಎಂಬ ಪ್ರಶ್ನೆ ಅದು.

ನಮ್ಮ ಜಿಲ್ಲೆಗಳಿಂದಲೇ ಶುರು ಮಾಡುವ. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಸ್ಪೃಶ್ಯರ ಮಕ್ಕಳನ್ನು ಕರೆತಂದು ಕೂರಿಸಿ ಅಕ್ಷರ ಕಲಿಸಿದ್ದಕ್ಕೆ ಅವರ ಸ್ವಂತ ಜಾತಿಯವರೇ ಅವರನ್ನು ದೂರವಿಟ್ಟರು. ಹೆಚ್ಚುಕಡಿಮೆ ಅದೇ ಕಾಲ, ಅದೇ ಊರು. ಪಂಜೆ ಮಂಗೇಶರಾಯರು ಅಲ್ಲಿ ಮೇಷ್ಟ್ರಾಗಿ, ಮುಂದೆ ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತಳಪಾಯ ಹಾಕುತ್ತಿದ್ದರು. ಈ ಎರಡು ಘಟನೆಗಳನ್ನು ನಮ್ಮ ಪುಸ್ತಕಗಳು ಎರಡು ಬೇರೆಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಒಂದು ಸಮಾಜ ಸುಧಾರಣೆಯ ಅಧ್ಯಾಯಕ್ಕೆ, ಇನ್ನೊಂದು ಹೊಸಗನ್ನಡದ ಅರುಣೋದಯಕ್ಕೆ. ರಂಗರಾಯರ ಶಾಲೆಯಲ್ಲಿ ಹಾಸಿದ ಚಾಪೆಯ ಮೇಲೆ ಕೂತ ಮಗು, ಪಂಜೆಯವರ ಪದ್ಯವನ್ನು ಬಾಯಿಪಾಠ ಮಾಡುವಾಗ ಏನು ನೆನೆಯಿತು ಎಂದು ಯಾರೂ ಕೇಳಿದಂತಿಲ್ಲ.

ಪಂಜೆಯವರನ್ನು ಜರೆಯುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಬಿಲ್ಲವರ ಅವಳಿ ವೀರರ ಪಾಡ್ದನವನ್ನು 1924ರಷ್ಟು ಹಿಂದೆಯೇ 'ಕೋಟಿ ಚೆನ್ನಯ' ಎಂದು ಕನ್ನಡ ಗದ್ಯಕ್ಕೆ ತಂದವರು ಅವರು. ಅವರ ಕತೆಗಳಲ್ಲಿ ಹೇನು, ಕಾಗೆ, ಸಿಗಡಿ, ಒಣಮೀನಿನ ವಾಸನೆ ಎಲ್ಲ ಇದೆ. ಆಮೇಲೆ ಬಂದ ಮಕ್ಕಳ ಸಾಹಿತ್ಯ ಆ ವಾಸನೆಯನ್ನು ತೊಳೆದು ಹಾಕಿತು ಎನ್ನುವುದು ನನ್ನ ಗುಮಾನಿ.

ಶಿವರಾಮ ಕಾರಂತರ ವಿಚಾರದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. 'ಚೋಮನ ದುಡಿ' 1933ರದ್ದು. ಅದಾಗಿ ಕೆಲವೇ ವರ್ಷಗಳಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳು. ಮೊದಲನೆಯದರಲ್ಲಿ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ನಿಂತವರು ಮುಟ್ಟಿದರೆ ಮೈಲಿಗೆ ಎಂದು ಸುಮ್ಮನಿರುತ್ತಾರೆ. ಎರಡನೆಯದರಲ್ಲಿ ಒಬ್ಬ ಪುಟ್ಟ ಓದುಗನಿಗೆ ಜಗತ್ತಿನ ವಿಜ್ಞಾನವನ್ನೆಲ್ಲ ಪ್ರೀತಿಯಿಂದ, ತಾಳ್ಮೆಯಿಂದ ವಿವರಿಸಲಾಗಿದೆ. ಬರೆದ ಕೈ ಒಂದೇ. ಆದರೆ ಎರಡನೇ ಪುಸ್ತಕದ ಓದುಗ ನೀಲನಾಗಿರಬಹುದಿತ್ತೆ? ಚೋಮನ ದುಡಿಯ ಮೇಲೆ ನಮ್ಮಲ್ಲಿ ಬಂದ ವಿಮರ್ಶೆಯನ್ನು ಪೇರಿಸಿಟ್ಟರೆ ಆಳುದ್ದ ಆದೀತು. ಬಾಲಪ್ರಪಂಚವನ್ನು ಕಾರಂತರ ದೈತ್ಯ ಪ್ರತಿಭೆಗೆ ಒಂದು ಸಾಕ್ಷಿ ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ದಲಿತ ಮಗು ಸಾಹಿತ್ಯದಲ್ಲಿ ಪಾತ್ರವಾಗಿ ಸಿಕ್ಕಿತು, ಸತ್ತಾಗ ಕಣ್ಣೀರನ್ನೂ ತರಿಸಿತು. ಓದುಗನಾಗಿ ಮಾತ್ರ ಯಾರಿಗೂ ಸಿಕ್ಕಲಿಲ್ಲ.

ಮೇಷ್ಟ್ರುಗಳಿಗೆ ಮಕ್ಕಳ ಸಾಹಿತ್ಯ ಹೇಸಿಗೆ ಎಂದೇನೂ ಅಲ್ಲ, ಅದನ್ನು ಅವರೇ ಬರೆದಿದ್ದಾರೆ. ಜಿ.ಪಿ. ರಾಜರತ್ನಂ ಕನ್ನಡ ಪ್ರಾಧ್ಯಾಪಕರು. ರಾಷ್ಟ್ರೋತ್ಥಾನದ 'ಭಾರತ ಭಾರತಿ' ಮಾಲೆಯ 510 ಕಿರು ಪುಸ್ತಕಗಳಿಗೆ ಪ್ರಧಾನ ಸಂಪಾದಕರಾಗಿದ್ದವರು ಎಲ್.ಎಸ್. ಶೇಷಗಿರಿರಾಯರು, ಇಂಗ್ಲಿಷ್ ಪ್ರಾಧ್ಯಾಪಕರು, ಕನ್ನಡದ ದೊಡ್ಡ ವಿಮರ್ಶಕರು. ಜೇಬಿಗೆ ಹಿಡಿಸುವ ಆ ಪುಸ್ತಕಗಳು ಕರ್ನಾಟಕದ ಎಷ್ಟು ಶಾಲೆಗಳನ್ನು ಮುಟ್ಟಿವೆ ಎಂಬುದು ನನ್ನ ವಯಸ್ಸಿನವರಿಗೂ ಗೊತ್ತು. ಭಾಷಣ ಸ್ಪರ್ಧೆಗೆ ಬಹುಮಾನ ಎಂದರೆ ಅದೇ. ನಮ್ಮ ನಾಡಿನ ಎರಡು ಮೂರು ತಲೆಮಾರುಗಳ 'ಮಹಾಪುರುಷರು' ಯಾರು ಎಂದು ತೀರ್ಮಾನಿಸಿದ್ದು ಅಡಿಗರ ಕಾವ್ಯವಲ್ಲ, ಈ ಪುಸ್ತಕಗಳು. ಹಾಗಿದ್ದರೆ ಅವನ್ನು ಬರೆಯುವುದು, ಸಂಪಾದಿಸುವುದು ಪ್ರಾಧ್ಯಾಪಕರಿಗೆ ಶೋಭೆ ತರುವ ಕೆಲಸ. ಅವನ್ನು ವಿಮರ್ಶೆಯ ಕಣ್ಣಿನಿಂದ ಓದುವುದು ಮಾತ್ರ ಚಾಕೊಲೇಟ್ ಪೇಪರು! ಈ ಲೆಕ್ಕ ನನಗೆ ಹತ್ತುವುದಿಲ್ಲ.

ಈಗ ಚಂದಮಾಮಕ್ಕೆ ಬರುತ್ತೇನೆ. 1947ರಲ್ಲಿ ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಅವರು ತೆಲುಗು, ತಮಿಳಿನಲ್ಲಿ ಹೊರಡಿಸಿದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಅರುವತ್ತು ವರ್ಷಕ್ಕೂ ಮೀರಿ ನಡೆದು ಕಳೆದ ದಶಕದ ಮೊದಲ ಭಾಗದಲ್ಲಿ ನಿಂತುಹೋಯಿತು. ಅದರ ಬಗ್ಗೆ ಬರೆದವರೆಲ್ಲ ಬಾಲ್ಯದ ಹಂಬಲದಿಂದ ಬರೆದಿದ್ದಾರೆ: ಬೇತಾಳ, ಮರ, ಹೆಗಲ ಮೇಲಿನ ಶವ, ಬಣ್ಣದ ಚಿತ್ರ. ನನಗೂ ಹಂಬಲ ಇಲ್ಲದಿಲ್ಲ. ಆದರೆ ನಮ್ಮ ಮನೆಗೆ ಅದು ಬಂದ ದಾರಿ ಬೇರೆ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಧಣಿಗಳ ಮನೆಯ ಮಕ್ಕಳು ಓದಿ, ಮೂಲೆ ಹರಿದು, ಅಟ್ಟ ಸೇರಿದ್ದ ಹಳೆಯ ಸಂಚಿಕೆಗಳನ್ನು ವರ್ಷಕ್ಕೊಮ್ಮೆ ಅಟ್ಟ ಗುಡಿಸುವಾಗ ಜಗಲಿಯ ತುದಿಗೆ ತಂದಿಡುತ್ತಿದ್ದರು. ಅಮ್ಮ ಅಂಗಳದಲ್ಲಿ ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು. ಉಳಿದ ಸಾರು, ಹಳೆಯ ಸೀರೆ ಬರುತ್ತಿದ್ದದ್ದೂ ಅದೇ ಜಗಲಿಯ ತುದಿಯಿಂದ. ಕೊರಗರಿಗೆ ಎಂಜಲು ಕೊಡುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬಂತು. ನಾವು ಕೊರಗರಲ್ಲ, ನಮಗೆ ಆ ಘೋರ ಇರಲಿಲ್ಲ. ಆದರೆ ಎಂಜಲು ಎಂಬುದು ಅನ್ನಕ್ಕೆ ಮಾತ್ರ ಇರುವ ಮಾತಲ್ಲ, ಓದಿಗೂ ಉಂಟು ಎಂಬುದು ನನಗೆ ತಿಳಿದದ್ದು ಆ ಸಂಚಿಕೆಗಳಿಂದ.

ಅದರೊಳಗೆ ಏನಿತ್ತು? ಒಂದಾನೊಂದು ಊರು, ಆ ಊರಿನಲ್ಲೊಬ್ಬ ಬಡ ಬ್ರಾಹ್ಮಣ. ರಾಜ ಇದ್ದ, ಮಂತ್ರಿ ಇದ್ದ, ವ್ಯಾಪಾರಿ, ರೈತ, ಅಗಸ, ಕಳ್ಳ ಎಲ್ಲರೂ ಇದ್ದರು. ಬಡವ ಎಂದರೆ ಬಹಳ ಸಲ ಬ್ರಾಹ್ಮಣನೇ. ಅಣ್ಣನನ್ನು ನಾನೊಮ್ಮೆ ಕೇಳಿದ್ದೆ, "ಬ್ರಾಹ್ಮಣರು ನಮಗಿಂತ ಬಡವರಾ?" ಅಣ್ಣ ಯೋಚನೆ ಮಾಡಿ, "ಕತೆಯಲ್ಲಿ ಹೌದು" ಎಂದಿದ್ದ. ಈಗ ಅನಿಸುತ್ತದೆ, ಅವನು ಹೇಳಿದ್ದು ದೊಡ್ಡ ವಿಮರ್ಶೆಯ ಮಾತು. ಆ ಕತೆಗಳಲ್ಲಿ ಬಡತನ ಒಂದು ಗುಣ. ಅದಕ್ಕೆ ಕೊನೆಯಲ್ಲಿ ರಾಜನಿಂದ ಚಿನ್ನದ ನಾಣ್ಯ ಸಿಗುತ್ತದೆ. ನಮ್ಮ ಬಡತನ ಕತೆಗೆ ಬರುವಷ್ಟು ಯೋಗ್ಯತೆಯ ಬಡತನವೂ ಆಗಿರಲಿಲ್ಲ. ಇದನ್ನು ನೋಡಲು ನವ್ಯ ವಿಮರ್ಶೆಯ ಸೂಕ್ಷ್ಮವೇನೂ ಬೇಕಿರಲಿಲ್ಲ. ಒಬ್ಬ ಮೇಷ್ಟ್ರು ಕೂತು ಹಳೆಯ ಸಂಚಿಕೆಗಳಲ್ಲಿ ಯಾರ್ಯಾರು ಬರುತ್ತಾರೆ, ಯಾರ್ಯಾರು ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದರೆ ಸಾಕಿತ್ತು.

ಅಮೇರಿಕದಲ್ಲಿ ಹಾಗೆ ಲೆಕ್ಕ ಹಾಕಿದವರು ನ್ಯಾನ್ಸಿ ಲ್ಯಾರಿಕ್. 1962ರಿಂದ 64ರ ತನಕ ಅಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ತೆಗೆದುಕೊಂಡು ನೋಡಿದಾಗ ಕಪ್ಪು ಮನುಷ್ಯ ಒಬ್ಬನಾದರೂ ಕಾಣಿಸಿಕೊಂಡದ್ದು ಶೇ. 6.7 ಪುಸ್ತಕಗಳಲ್ಲಿ ಮಾತ್ರ ಎಂದು ಅವರು 1965ರಲ್ಲಿ ಬರೆದರು. ಅಷ್ಟು ಚಿಕ್ಕ ಒಂದು ಸಂಖ್ಯೆ ಅಲ್ಲಿನ ಪ್ರಕಾಶಕರ, ಗ್ರಂಥಾಲಯಗಳ ನಿದ್ದೆ ಕೆಡಿಸಿತು. ಕನ್ನಡದಲ್ಲಿ ನಮ್ಮ ಹತ್ತಿರ ಅಂಥ ಒಂದು ಸಂಖ್ಯೆಯೂ ಇಲ್ಲ. ಚಿಲಿಯಲ್ಲಿ ಸಾಹಿತ್ಯದ ಅಧ್ಯಾಪಕರಾಗಿದ್ದ ಏರಿಯಲ್ ಡಾರ್ಫ್‌ಮನ್, ಅರ್ಮಾಂಡ್ ಮ್ಯಾಟೆಲಾರ್ಟ್ ಎಂಬವರ ಜತೆ ಸೇರಿ 1971ರಲ್ಲಿ ಡೊನಾಲ್ಡ್ ಡಕ್ ಎಂಬ ಬಾತುಕೋಳಿಯ ಮೇಲೆ ಒಂದು ಪುಸ್ತಕ ಬರೆದರು. 1973ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಆ ಪುಸ್ತಕವನ್ನು ಬೀದಿಯಲ್ಲಿ ಸುಟ್ಟರು. ಬಾತುಕೋಳಿಯ ವಿಮರ್ಶೆ ಎಂದು ನಗುವವರು, ಸೈನ್ಯಕ್ಕೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ ಎಂಬುದನ್ನೂ ಗಮನಿಸಬೇಕು.

ಇಷ್ಟು ದೂರ ಹೋಗುವುದೂ ಬೇಡ. ಹೆಬ್ರಿ ಈಚೆಗೆ ತಾಲ್ಲೂಕು ಆಗುವ ಮುಂಚೆ ಕಾರ್ಕಳ ತಾಲ್ಲೂಕಿಗೆ ಸೇರಿತ್ತು. ಆ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು ಅನಂತ ಪೈ. 1967ರಿಂದ ಅಮರ ಚಿತ್ರಕಥೆಯನ್ನು ದೇಶಕ್ಕೆಲ್ಲ ಹಂಚಿದ 'ಅಂಕಲ್ ಪೈ' ಇವರೇ. ಅದಕ್ಕೂ ಹಿಂದೆ ಆ ಮಾಲೆ ಶುರುವಾದದ್ದು ಕನ್ನಡದಲ್ಲಿ ಎಂಬುದು ನಮ್ಮ ಎಂ.ಎ. ತರಗತಿಗಳಲ್ಲಿ ಯಾರೂ ಹೇಳದ ಸಂಗತಿ. 1965ರಲ್ಲಿ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಪಾಶ್ಚಾತ್ಯ ಕಿನ್ನರ ಕತೆಗಳ ಹತ್ತು ಚಿತ್ರಪುಸ್ತಕಗಳು ಕನ್ನಡದಲ್ಲಿ ಬಂದವು. ಇಂಗ್ಲಿಷಿನ ಮಾಲೆ ಹನ್ನೊಂದನೇ ಸಂಖ್ಯೆಯಿಂದ, 'ಕೃಷ್ಣ'ನಿಂದ ಆರಂಭವಾಗುವುದು ಅದಕ್ಕೇ. ಅಂದರೆ ಹತ್ತು ದಾಟಿ ಹನ್ನೊಂದಕ್ಕೆ ಬರುವಾಗ ಸಿಂಡ್ರೆಲಾ ಇಳಿದುಹೋದಳು, ಪುರಾಣ ಹತ್ತಿತು.

ಅಂಬೇಡ್ಕರ್ ಆ ಮಾಲೆಯೊಳಗೆ ಬಂದದ್ದು 1979ರಲ್ಲಿ. ರಾಕ್ಷಸರ ಮೈಬಣ್ಣ, ಕಾಡಿನವರ ಮುಖ, ದೇವರ ಮೂಗು ಇವುಗಳ ರಾಜಕಾರಣವನ್ನು ಕುರಿತು ಪುಸ್ತಕಗಳೇ ಬಂದಿವೆ: ನಂದಿನಿ ಚಂದ್ರ ಅವರದ್ದು 2008ರಲ್ಲಿ, ಅಮೇರಿಕದ ಕಾರ್ಲಿನ್ ಮೆಕ್ಲೇನ್ ಅವರದ್ದು 2009ರಲ್ಲಿ, ಹೈದರಾಬಾದಿನ ದೀಪಾ ಶ್ರೀನಿವಾಸ್ ಅವರದ್ದು 2010ರಲ್ಲಿ. ಮೂರೂ ಇಂಗ್ಲಿಷಿನಲ್ಲಿ. ಕಾರ್ಕಳದಲ್ಲಿ ಹುಟ್ಟಿದವರು ಕಟ್ಟಿದ, ಕನ್ನಡದಲ್ಲಿ ಹುಟ್ಟಿದ ಒಂದು ಮಾಲೆಯನ್ನು ತಿಳಿಯಲು ಕಾರ್ಕಳದ ಪಕ್ಕದ ಮೇಷ್ಟ್ರಾದ ನಾನು ದಿಲ್ಲಿ, ಅಮೇರಿಕಗಳ ಕಡೆ ನೋಡಬೇಕಾಗಿದೆ. ಹೈದರಾಬಾದಿನ ಅನ್ವೇಷಿ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋಗು ಶ್ಯಾಮಲಾ, ಜೂಪಾಕ ಸುಭದ್ರ ಅಂಥವರಿಂದ ಕೇರಿಯ ಮಕ್ಕಳ ಕತೆಗಳನ್ನೇ ಬರೆಸಿ ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ಚಂದದ ಪುಸ್ತಕಗಳನ್ನು ತಂದಿತು. ಓದಿನಿಂದ ಬರವಣಿಗೆ ಹುಟ್ಟುವುದು ಹೀಗೆ.

ಇನ್ನು ಡಿಂಗ. ಕೇರಳದ ಬಾಲಮಂಗಳಂನಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್ ಎಂಬ ಬಲಶಾಲಿ ಇಲಿ, ಕನ್ನಡದ ಬಾಲಮಂಗಳದಲ್ಲಿ ಡಿಂಗನಾದ. ಸಾಹಿತ್ಯ ಎಂಬ ದೃಷ್ಟಿಯಿಂದ ನೋಡಿದರೆ ಚಂದಮಾಮದ ಕತೆಗಾರಿಕೆಯ ಹತ್ತಿರಕ್ಕೂ ಅದು ಬರಲಾರದು. ತೊಂದರೆ ಬಂತು, ಕೂಗಿದರು, ಡಿಂಗ ಹಾರಿ ಬಂದ, ಹೊಡೆದ, ಹೋದ. ಇಷ್ಟೇ. ಹಾಗಿದ್ದೂ ನಮ್ಮ ಕೇರಿಯ ಮಕ್ಕಳು ಚಂದಮಾಮಕ್ಕಿಂತ ಹೆಚ್ಚು ಅವನಿಗೆ ಮರುಳಾದದ್ದು ಏಕೆ? ಒಂದು ಕಾರಣ ಸುಲಭದ್ದು. ಇಲಿಗೆ ಜಾತಿ ಇರಲಿಲ್ಲ, ಕಾಡಿನಲ್ಲಿ ಅಗ್ರಹಾರ ಇರಲಿಲ್ಲ. ಇನ್ನೊಂದು ಕಾರಣ ನನಗೆ ಬಹಳ ತಡವಾಗಿ ಹೊಳೆಯಿತು. ಬಾಲಮಂಗಳವನ್ನು ಯಾರೂ ನಮಗೆ ಜಗಲಿಯಿಂದ ಕೊಡಲಿಲ್ಲ. ಅಮ್ಮ, ದೊಡ್ಡಮ್ಮ ರಾತ್ರಿ ಚಿಮಿಣಿ ದೀಪದಲ್ಲಿ ಬೀಡಿ ಕಟ್ಟಿ, ವಾರಕ್ಕೊಮ್ಮೆ ಬ್ರಾಂಚಿಗೆ ಕೊಟ್ಟು ಬಂದ ದುಡ್ಡಿನಲ್ಲಿ ಉಳಿದ ಚಿಲ್ಲರೆಗೆ ಹೆಬ್ರಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನಾವೇ ಕೊಂಡದ್ದು. ಅಂಗಡಿಯವರು ಹಗ್ಗಕ್ಕೆ ಸಿಕ್ಕಿಸಿದ ಹೊಸ ಸಂಚಿಕೆಯನ್ನು ಎಳೆದು ಕೈಗೆ ಕೊಡುತ್ತಿದ್ದರು. ಕೈಗೇ ಕೊಡುತ್ತಿದ್ದರು, ಎಸೆಯುತ್ತಿರಲಿಲ್ಲ. ಮೂಲೆ ಹರಿಯದ, ಮಸಿಯ ವಾಸನೆ ಹೋಗದ, ಪದಬಂಧವನ್ನು ಬೇರೆ ಯಾರೂ ತುಂಬಿಸಿರದ ಒಂದು ಪುಸ್ತಕ. ಡಿಂಗ ಒಳ್ಳೆಯ ಸಾಹಿತ್ಯವೇ ಎಂದು ಕೇಳುವ ಪ್ರಾಧ್ಯಾಪಕರಿಗೆ ಈ ಮಾತನ್ನು ಹೇಗೆ ತಿಳಿಸುವುದು?

ಹ್ಯಾರಿ ಪಾಟರ್ ಜಗತ್ತನ್ನು ಆವರಿಸಿದಾಗ ಹೆರಾಲ್ಡ್ ಬ್ಲೂಮ್ 2000ದಲ್ಲಿ ಪತ್ರಿಕೆಯೊಂದರಲ್ಲಿ ಸಿಡಿಮಿಡಿಗೊಂಡು ಬರೆದರು; ಕೋಟಿಗಟ್ಟಲೆ ಜನ ಕೊಂಡರೆಂದು ಪುಸ್ತಕ ಒಳ್ಳೆಯದಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಸರಿಯೇ. ನಾನೂ ಡಿಂಗನನ್ನು ಪಂಪನ ಪಕ್ಕ ಕೂರಿಸಿ ಎನ್ನುತ್ತಿಲ್ಲ. ಆದರೆ ಶ್ರೇಷ್ಠವಾದದ್ದನ್ನು ಆರಿಸುವುದೇ ಮೇಷ್ಟ್ರ ಕೆಲಸ ಎಂದಾದರೆ, ಆರಿಸುವ ಜರಡಿ ಯಾರದ್ದು ಎಂದು ಕೇಳುವ ಕೆಲಸವನ್ನು ಯಾರು ಮಾಡುವುದು? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಎದ್ದ ಗಲಾಟೆಯಲ್ಲಿ ಅವರ ಮಂತ್ರಿಗಿರಿಯೇ ಹೋಯಿತು. ನಮ್ಮ ಚಳವಳಿಯ ಹುಟ್ಟಿನಲ್ಲಿ ಆ ಮಾತಿದೆ. ಆ ಮಾತನ್ನು ಮೆಚ್ಚುವ ನಾವೇ ಈಗ ಮಕ್ಕಳ ಕತೆಗಳನ್ನು ಬೂಸಾ ಎಂದು ಕೊಟ್ಟಿಗೆಗೆ ತಳ್ಳಿದರೆ ಹೇಗೆ?

ಒಂದು ಕಾಲಕ್ಕೆ ಜಾನಪದಕ್ಕೂ ವಿಭಾಗಗಳಲ್ಲಿ ಇದೇ ಗತಿ ಇತ್ತು. ಈಗ ಅದಕ್ಕೆ ಪೀಠಗಳು, ಪದವಿಗಳು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಕೇಂದ್ರದ ನಂಟಿನಿಂದ ಫಿನ್‌ಲ್ಯಾಂಡಿನ ಲೌರಿ ಹೊಂಕೊ ಇಲ್ಲಿಗೆ ಬಂದರು. 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ದಾಖಲಿಸಿದರು, 15,683 ಸಾಲು. ಹೆಮ್ಮೆಯ ವಿಷಯ. ಆದರೂ ನನ್ನದೊಂದು ತಕರಾರು ಉಂಟು. ನಮ್ಮ ಅಜ್ಜಿಯಂದಿರ ಎದುರು ಟೇಪ್‌ರೆಕಾರ್ಡರ್ ಇಟ್ಟ ವಿದ್ವಾಂಸರು, ಪಕ್ಕದಲ್ಲಿ ಕೂತ ಮೊಮ್ಮಗಳನ್ನು "ನೀನು ಏನು ಓದುತ್ತೀ ಮಗಾ?" ಎಂದು ಕೇಳಲಿಲ್ಲ. ಅಜ್ಜಿಯ ಹಾಡು ಸಂಸ್ಕೃತಿ, ಮೊಮ್ಮಗಳ ಕೈಯ ಪತ್ರಿಕೆ ಕಸ. ದಲಿತರು ಹಾಡುವವರಾಗಿ ಇದ್ದರೆ ಸಾಕು, ಅಚ್ಚಿನ ಲೋಕದೊಳಗೆ ಓದುವವರಾಗಿ ಬರುವುದು ಅಷ್ಟೇನೂ ಮುಖ್ಯವಲ್ಲ ಎಂಬ ಭಾವನೆ ಇದರ ಹಿಂದೆ ಇದೆಯೋ ಏನೋ.

ನನ್ನ ಅಜ್ಜಿ ಹೇಳುತ್ತಿದ್ದದ್ದು ಕೊರಗ ತನಿಯನ ಕತೆ. ತಂದೆ ತಾಯಿ ಇಲ್ಲದ ಹುಡುಗ. ಕಳ್ಳು ಮಾರುವ ಬೈದೆದಿಯೊಬ್ಬಳು ಅವನನ್ನು ಸಾಕುತ್ತಾಳೆ. ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಹೋಗುತ್ತಾನೆ. ಹೊತ್ತು ತಂದ ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು. ಅಲ್ಲಿ ಮಾದಳದ ಹಣ್ಣು ಕೊಯ್ಯಲು ಹತ್ತಿದವನು ಮಾಯವಾಗುತ್ತಾನೆ, ದೈವವಾಗುತ್ತಾನೆ. ಮಕ್ಕಳ ಕತೆಗೆ ಇನ್ನೇನು ಬೇಕು? ಅನಾಥ ಹುಡುಗ, ಅಮಾನುಷ ಬಲ, ಅನ್ಯಾಯ, ಮಾಯ. ಇಂದು ಎಲ್ಲ ಜಾತಿಯವರೂ ಕೊರಗಜ್ಜನಿಗೆ ಚಕ್ಕುಲಿ, ಬೀಡ ಹರಕೆ ಹೇಳಿಕೊಳ್ಳುತ್ತಾರೆ. ಆದರೆ ಹಣ್ಣು ಕೊಯ್ದದ್ದು ಗೊತ್ತು, ಬಾಗಿಲಲ್ಲಿ ತಡೆದದ್ದು ಯಾಕೆ ಎಂಬುದನ್ನು ಬೇಗ ದಾಟಿಬಿಡುತ್ತಾರೆ. ಅಜ್ಜಿ ದಾಟುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಎಲೆಯಡಿಕೆ ಉಗಿದು ಬಂದು ಮತ್ತೆ ಕೂರುತ್ತಿದ್ದಳು.

ಅಣ್ಣನಿಗೆ ನಾನು ಹೇಳಬೇಕಾದ ಮಾತಿಗೆ ಈಗ ಬಂದೆ. 1946ರಲ್ಲಿ ಬಾಬಾಸಾಹೇಬರು ಅಮೇರಿಕದ ಡು ಬಾಯ್ಸ್ ಅವರಿಗೆ ಪತ್ರ ಬರೆದದ್ದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದೇ ಡು ಬಾಯ್ಸ್, ಆ ದೊಡ್ಡ ವಿದ್ವಾಂಸ, ಹೋರಾಟದ ನಡುವೆಯೇ 1920–21ರಲ್ಲಿ ಕಪ್ಪು ಮಕ್ಕಳಿಗಾಗಿ 'ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆ ನಡೆಸಿದರು. ಎರಡು ವರ್ಷ, ಅಷ್ಟೇ. ಮತ್ತೆ ದುಡ್ಡಿಲ್ಲದೆ ನಿಂತಿತು. ಹಿಟ್ಟೋ ಮಲ್ಲಿಗೆಯೋ ಎಂದು ಅವರು ಆಯ್ಕೆ ಮಾಡಲಿಲ್ಲ. ಬಾಬಾಸಾಹೇಬರು 1930ರ ದಶಕದ ನಡುವೆ ಬರೆದಿಟ್ಟ 'ವೀಸಾಗಾಗಿ ಕಾಯುತ್ತಾ' ಎಂಬ ನೆನಪುಗಳು ಆರಂಭವಾಗುವುದು ಕೂಡ ಮಕ್ಕಳಿಂದ. ಹೊಸ ಅಂಗಿ, ಟೋಪಿ ಹಾಕಿಕೊಂಡು ಅಪ್ಪನನ್ನು ನೋಡಲು ಕೊರೆಗಾಂವಿಗೆ ರೈಲು ಹತ್ತಿದ ಹುಡುಗರು. ಜಾತಿ ತಿಳಿದ ಕೂಡಲೇ ಮುಖ ತಿರುಗಿಸಿದ ಸ್ಟೇಷನ್ ಮಾಸ್ಟರು. ರಾತ್ರಿಯಿಡೀ ಬುತ್ತಿ ಇದ್ದೂ ಕುಡಿಯಲು ನೀರು ಸಿಗದ ಗಾಡಿ ಪ್ರಯಾಣ. 2011ರಲ್ಲಿ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು 'ಭೀಮಾಯಣ' ಎಂಬ ಚಿತ್ರಪುಸ್ತಕ ಮಾಡಿದ್ದು ಈ ಪುಟಗಳನ್ನು ಹಿಡಿದೇ.

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಸಿಲೆಬಸ್ ಮುಗಿಸಿ ಉಳಿದ ಎರಡು ಪೀರಿಯಡ್ಡಿನಲ್ಲಿ ಭೀಮಾಯಣದ ಚಿತ್ರಗಳನ್ನೂ ಗುಜರಿಯಿಂದ ತಂದ ಬಾಲಮಂಗಳದ ನಾಲ್ಕು ಸಂಚಿಕೆಗಳನ್ನೂ ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಈಗಿನವರು ಬಾಲಮಂಗಳ ಓದಿದವರಲ್ಲ, ಟೀವಿಯಲ್ಲಿ ಛೋಟಾ ಭೀಮ್ ನೋಡಿ ಬೆಳೆದವರು. "ಮೇಡಂ, ಡಿಂಗ ಪರೀಕ್ಷೆಗೆ ಬರ್ಲಿಕ್ಕುಂಟಾ?" ಎಂದು ಒಬ್ಬ ಕೇಳಿ ಎಲ್ಲರೂ ನಕ್ಕರು. ತರಗತಿ ಮುಗಿದ ಮೇಲೆ ಹಾಸ್ಟೆಲಿನ ಹುಡುಗನೊಬ್ಬ ಬಾಗಿಲ ಹತ್ತಿರ ನಿಂತಿದ್ದ. ಇಡೀ ವರ್ಷ ಹಾಜರಿ ಬಿಟ್ಟು ಬೇರೆ ಮಾತಾಡಿದವನಲ್ಲ. "ಮೇಡಂ, ಛೋಟಾ ಭೀಮಿನಲ್ಲಿ ಕಾಲಿಯಾ ಅಂತ ಒಬ್ಬ ಇದ್ದಾನಲ್ಲ, ಜಗಳಗಂಟ. ಪ್ರೈಮರಿಯಲ್ಲಿ ನನ್ನನ್ನು ಹಾಗೇ ಕರೀತಿದ್ರು. ಟೀಚರೂ ಕರೀತಿದ್ರು" ಎಂದ. ನಾನೇನು ಹೇಳಲಿ ಎಂದು ಹುಡುಕುವಷ್ಟರಲ್ಲಿ, "ಅದ್ರ ಬಗ್ಗೆ ಬರೆದ್ರೆ ಅಸೈನ್‌ಮೆಂಟಿಗೆ ಆಗ್ತದಾ?" ಎಂದು ಕೇಳಿದ.

ಆಗುತ್ತದೆ ಎಂದೆ. ಅಸೈನ್‌ಮೆಂಟಿನ ವಿಷಯಗಳ ಪಟ್ಟಿಯಲ್ಲಿ ಅದಿರಲಿಲ್ಲ. ವಿಭಾಗದಲ್ಲಿ ಕೇಳಿದಾಗ ಈ ಸಲ ಬೇಡ ಎಂದರು. ಅವನು ಆಗಲೇ ಬರೆದು ತಂದಿದ್ದ, ಹನ್ನೊಂದು ಪುಟ, ಎರಡೂ ಬದಿ. ಅಂಕ ಕೊಡಲು ನನಗೆ ಕಾಲಂ ಇಲ್ಲ. ಮನೆಯಲ್ಲಿಟ್ಟುಕೊಂಡಿದ್ದೇನೆ.